ಎಡಗಿವಿಯೊಂದಕ್ಕೆ ವಿಮೆ

ವಿಮಾ ಕಚೇರಿಯ ಮೂರನೇ ಕೌಂಟರಿನಲ್ಲಿ ಬಾಮೈದ ಹತ್ತು ನಿಮಿಷ ಮಾತಾಡಿದ ಮೇಲೆ ಅಲ್ಲಿದ್ದ ಹುಡುಗಿ, "ಕಚ್ಚೋ ಅಭ್ಯಾಸ ಏನಾದ್ರೂ ಇದೆಯಾ?" ಎಂದು ಕೇಳಿದಳು.

ಅದಕ್ಕೂ ಮುಂಚೆ ವಯಸ್ಸು ಕೇಳಿದ್ದಳು. ಎಪ್ಪತ್ತೊಂದು ಎಂದಾಗ ಅವಳ ಪೆನ್ನು ಗಾಳಿಯಲ್ಲೇ ನಿಂತಿತ್ತು. ಹಲ್ಲು ಸರಿಯಿದೆಯೇ ಎಂದಾಗ, ಎರಡು ಉದುರಿವೆ ಎಂದು ಈತ ಪ್ರಾಮಾಣಿಕವಾಗಿ ಹೇಳಿದ್ದ. ಕಚ್ಚುವ ಮಾತು ಬಂದಾಗ ಮಾತ್ರ ತಲೆ ಎತ್ತಿ ನೋಡಿದ. ಅವಳ ಹಿಂದೆ ಗೋಡೆಯ ಮೇಲೆ ಒಂದು ನಾಯಿಯ ದೊಡ್ಡ ಫೋಟೋ. ಇಷ್ಟು ಹೊತ್ತೂ ಅದನ್ನು ಅಲಂಕಾರ ಎಂದುಕೊಂಡಿದ್ದ. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಸಾಕುಪ್ರಾಣಿಗಳ ವಿಮೆ.

"ಏನಂತೆ ಅವಳದು?" ಹಿಂದಿನ ಬೆಂಚಿನಿಂದ ಭಾವ ಕೇಳಿದರು.

"ನೀವು ಕಚ್ತೀರಾ ಅಂತ, ಭಾವ."

"ಇನ್ನೂ ಶುರು ಮಾಡಿಲ್ಲ ಅಂತ ಹೇಳು."

ಈ ಪರದೇಶದಲ್ಲಿ ಬಾಮೈದನಿಗಿಂತ ಚೆನ್ನಾಗಿ ಇಲ್ಲಿನ ಭಾಷೆ ಬಲ್ಲವರಿಲ್ಲ ಎಂಬುದು ಮನೆಯವರ ನಂಬಿಕೆ. ಅವನು ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾನೆ. 'ಎಡಕ್ಕೆ ತಿರುಗಿಸಿ', 'ಕನ್ನಡಿ ನೋಡಿ', 'ಅಯ್ಯೋ ಬ್ರೇಕ್!' ಈ ಮೂರನ್ನು ಅವನಷ್ಟು ನಿರರ್ಗಳವಾಗಿ ಆಡುವವರು ಈ ಊರಲ್ಲೇ ಇಲ್ಲ. ಉಳಿದ ಭಾಷೆಯನ್ನು ಧೈರ್ಯದಿಂದ ನಿಭಾಯಿಸುತ್ತಾನೆ.

ಭಾವ ಲಿಫ್ಟ್ ರಿಪೇರಿಯವರು. ಮೂವತ್ತೊಂದು ವರ್ಷ ಊರಿನವರನ್ನೆಲ್ಲ ಮೇಲೆ ಹತ್ತಿಸಿ ಕೆಳಗಿಳಿಸಿದವರು. ಅವರ ಸ್ವಂತ ಮನೆ ಮಾತ್ರ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿ. ಪ್ರತಿ ಲಿಫ್ಟಿಗೂ ಒಂದು ತಪಾಸಣೆ ಪುಸ್ತಕ ಇರುತ್ತಿತ್ತು. ಕಂಡ ದೋಷವನ್ನು ಬರೆಯದೆ ಬಿಟ್ಟರೆ ಆಮೇಲಿನ ಅನಾಹುತವೆಲ್ಲ ರಿಪೇರಿಯವನ ತಲೆಗೆ. ಹಾಗಾಗಿ ಭಾವ ಕಂಡದ್ದನ್ನೂ ಬರೆದರು, ಕೇಳಿದ್ದನ್ನೂ ಬರೆದರು. 'ಎರಡನೇ ಮಹಡಿ ಬಾಗಿಲು, ಇಲಿಮರಿಯಂಥ ಸದ್ದು' ಎಂದು ಅವರು ಬರೆದದ್ದನ್ನು ಓದಿ ಜೊತೆಯವರು ಬಿದ್ದು ಬಿದ್ದು ನಕ್ಕಿದ್ದರಂತೆ. ಆದರೆ ಅವರು ನೋಡಿಕೊಂಡ ಲಿಫ್ಟಿನಲ್ಲಿ ಒಬ್ಬರ ಬೆರಳೂ ಸಿಕ್ಕಿಕೊಂಡಿರಲಿಲ್ಲ.

ನಿವೃತ್ತಿಯ ನಂತರವೂ ಅವರ ಆರೋಗ್ಯ ವಿಮೆಯನ್ನು ಲಿಫ್ಟ್ ಕಂಪನಿಯೇ ನೋಡಿಕೊಳ್ಳುತ್ತಿತ್ತು. ಎಪ್ಪತ್ತು ತುಂಬಿದ ದಿನ ಒಂದು ಹೂಗುಚ್ಛ ಕಳಿಸಿ ಕೈ ತೊಳೆದುಕೊಂಡಿತು. ವಿಮೆಯಿಲ್ಲದ ಪರದೇಶಿಗೆ ಇಲ್ಲಿ ವಾಸದ ಪರವಾನಗಿ ಇಲ್ಲ. ಖಾಸಗಿ ಪಾಲಿಸಿಗೆ ಅರ್ಜಿ ತರಿಸಿದರು. 'ಕಳೆದ ಐದು ವರ್ಷದಲ್ಲಿ ಯಾವುದೇ ತೊಂದರೆ?' ಎಂಬ ಪ್ರಶ್ನೆಗೆ ಬೇರೆಯವರು 'ಇಲ್ಲ' ಎಂದು ಗೀಟೆಳೆದು ಕಾಫಿ ಕುಡಿಯಲು ಹೋಗುತ್ತಾರೆ. ಭಾವ ಮೂರು ಸಂಜೆ ಊಟದ ಮೇಜಿಗೆ ಅಂಟಿಕೊಂಡು ಕೂತು, ಸಾಲದ್ದಕ್ಕೆ ಎರಡು ಹಾಳೆ ಸೇರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಂಡರು.

'ಬಲಮಂಡಿ: ಇಳಿಯುವಾಗ ಕಟಕಟ ಸದ್ದು, ಹತ್ತುವಾಗ ಇಲ್ಲ. ಹೊಟ್ಟೆ: ಊಟವಾದ ಮೇಲೆ ಒಂದು ಗಂಟೆ ಗುಡುಗು. ಎದೆ: ಮೂರನೇ ಮಹಡಿಯ ಹತ್ತಿರ ಬಿಗಿತ, ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ಎಡಗಿವಿ: ಸಮರ್ಪಕ.'

ಅದನ್ನೆಲ್ಲ ಇಲ್ಲಿನ ಭಾಷೆಗೆ ತಂದವನು ಬಾಮೈದ. 'ಬಿಗಿತ' ಎಂಬುದಕ್ಕೆ ಸರಿಯಾದ ಪದ ಸಿಗುವವರೆಗೆ ನಿಘಂಟು ಬಿಡದೆ, ಸಿಕ್ಕಾಗ ಬೆನ್ನು ತಟ್ಟಿಕೊಂಡಿದ್ದ. ಈಗ ಆ ಬೆನ್ನಿಗೆ ಎರಡು ಗುದ್ದಬೇಕು ಅನ್ನಿಸುತ್ತಿತ್ತು.

ಏಕೆಂದರೆ ಪಾಲಿಸಿ ಬಂತು. ಕಂತು ಪೂರ್ತಿ, ರಕ್ಷಣೆ ಮಾತ್ರ ಭಾವ ಬರೆದಿದ್ದನ್ನೆಲ್ಲ ಬಿಟ್ಟು. ಮಂಡಿ ಇಲ್ಲ, ಹೊಟ್ಟೆ ಇಲ್ಲ, ಕಣ್ಣಿಲ್ಲ, ಬೆನ್ನಿಲ್ಲ, ಎದೆ ಇಲ್ಲ.

"ಮತ್ತೆ ಉಳಿದಿದ್ದೇನೋ?" ಅಕ್ಕ ಕೇಳಿದ್ದಳು.

"ಎಡಗಿವಿ, ಅಕ್ಕ."

"ಸರಿಹೋಯ್ತು. ನನ್ನ ಮಾತು ಒಂದು ದಿನಕ್ಕೂ ಬೀಳದ ಕಿವಿ ಅದು. ಅದಕ್ಕೆ ವಿಮೆ ಬೇರೆ ಕೇಡು!"

ನಕ್ಕಳು ನಿಜ, ಆದರೆ ಆ ರಾತ್ರಿ ಅವಳ ತಟ್ಟೆಯ ಅನ್ನ ಹಾಗೇ ಉಳಿದಿತ್ತು. ಎದೆಯದನ್ನು ತೋರಿಸಲೇಬೇಕೆಂದು ಡಾಕ್ಟರು ಚೀಟಿ ಬರೆದುಕೊಟ್ಟು ಎರಡು ತಿಂಗಳಾಗಿತ್ತು. ಉಳಿದದ್ದು ಹೋಗಲಿ, ಎದೆಯೊಂದನ್ನಾದರೂ ಪಾಲಿಸಿಗೆ ಸೇರಿಸಬೇಕು ಎಂದೇ ಇವತ್ತು ಇಬ್ಬರೂ ಬಂದದ್ದು.

ಮನುಷ್ಯರ ಕೌಂಟರಿನಲ್ಲಿದ್ದ ಅಧಿಕಾರಿ ಬಹಳ ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು.

"ಎದೆ ತಾನೇ? ಧಾರಾಳವಾಗಿ ಸೇರಿಸೋಣ," ಎಂದರು. "ಏನೂ ತೊಂದರೆ ಇಲ್ಲ ಅಂತ ಹೃದಯದ ಡಾಕ್ಟರ ಹತ್ತಿರ ಸರ್ಟಿಫಿಕೇಟ್ ತನ್ನಿ."

"ಆ ಪರೀಕ್ಷೆಗಳ ಖರ್ಚು?" ಬಾಮೈದ ಕೇಳಿದ.

"ನಿಮ್ಮದೇ. ಎದೆ ಪಾಲಿಸಿಯಲ್ಲಿ ಇಲ್ಲವಲ್ಲ."

"ಪರೀಕ್ಷೆಲಿ ಏನಾದ್ರೂ ಕಂಡ್ರೆ?"

"ಆಗ ಎದೆ ಕಾಯಂ ಹೊರಗೆ. ಚಿಕಿತ್ಸೆಯೂ ನಿಮ್ಮದೇ."

"ಬೇರೆ ಕಂಪನಿಗೆ ಹೋದ್ರೆ?"

"ಹೋಗಬಹುದು. ನೀವು ಬರೆದಿದ್ದನ್ನೆಲ್ಲ ನಾವೇ ಅವರಿಗೆ ಕಳಿಸ್ತೀವಿ. ಅದಕ್ಕೆ ಶುಲ್ಕ ಇಲ್ಲ."

ಬಾಮೈದ ಒಂದೊಂದನ್ನೂ ಭಾವನಿಗೆ ಹೇಳುತ್ತಾ ಹೋದ. ಹೇಳಿದಂತೆಲ್ಲ ತಾನೇ ಒಂದೊಂದು ಬಾಗಿಲು ಮುಚ್ಚುತ್ತಿದ್ದೇನೆ ಅನ್ನಿಸಿತು. ಪಾಲಿಸಿ ಬಿಟ್ಟರೆ ಪರವಾನಗಿ ಹೋಗುತ್ತದೆ. ಸ್ವಂತ ಊರಿಗೇ ವಾಪಸು ಹೊರಟರೆ? ಭಾವ ಆಗಲೇ ಅಲ್ಲಿನ ಮೂರು ಕಂಪನಿಗಳಿಗೆ ಫೋನ್ ಮಾಡಿ ನೋಡಿದ್ದರು. ಮೂರೂ ವಯಸ್ಸು ಕೇಳಿ, ಶುಭ ಹಾರೈಸಿ ಫೋನ್ ಇಟ್ಟಿದ್ದವು.

"ಬರೆದಿದ್ದನ್ನ ಅಳಿಸೋಕೆ ಆಗಲ್ವಾ ಕೇಳು," ಎಂದರು ಭಾವ.

ಅಧಿಕಾರಿ ನಿಜವಾಗಿಯೂ ನೊಂದುಕೊಂಡರು. "ಆಗಲ್ಲ. ಇನ್ನೊಂದು ವಿಷಯ, ಮುಂದಿನ ತಿಂಗಳು ನವೀಕರಣ. ಇರೋ ತೊಂದರೆ ಹೆಚ್ಚಾಗಿದ್ರೆ ಬರೀಬೇಕು. ಮುಚ್ಚಿಟ್ರೆ ಇಡೀ ಪಾಲಿಸಿ ರದ್ದು."

"ಬರೆದ್ರೆ?"

"ಕಂತು ಹೆಚ್ಚಾಗುತ್ತೆ."

ಭಾವ ಎದ್ದು ನಿಂತು, ಒಳ್ಳೆಯ ಕೆಲಸಗಾರನನ್ನು ಕಂಡಾಗ ಮಾಡುವಂತೆ ಅಧಿಕಾರಿಯ ಕೈ ಕುಲುಕಿದರು. "ಎಲ್ಲೂ ಸಂದು ಬಿಟ್ಟಿಲ್ಲ ಕಣೋ," ಎಂದರು ಹೊರಗೆ ಬಂದು. "ಭಾರಿ ಅಚ್ಚುಕಟ್ಟು."

ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತತೊಡಗಿದರು. ಕಾಗದಪತ್ರಗಳ ಚೀಲ ಹಿಡಿದು ಮುಂದೆ ಹೋಗುತ್ತಿದ್ದ ಬಾಮೈದನಿಗೆ ಹಿಂದಿನ ಹೆಜ್ಜೆಯ ಸದ್ದು ನಿಂತದ್ದು ಗೊತ್ತಾಯಿತು. ತಿರುಗಿ ನೋಡಿದ. ಭಾವ ಕಂಬಿ ಹಿಡಿದು ನಿಂತಿದ್ದರು. ಇನ್ನೊಂದು ಕೈ ಅಂಗಿಯ ಗುಂಡಿಗಳ ಮೇಲಿತ್ತು. ಹಣೆಯಲ್ಲಿ ಬೆವರು.

ಅದು ಮೂರನೇ ಮಹಡಿ ಅಲ್ಲ. ಮೊದಲನೆಯದನ್ನು ದಾಟಿ ನಾಲ್ಕೇ ಮೆಟ್ಟಿಲು.

ಮೇಲಿನಿಂದ ಅಕ್ಕ ಬಾಗಿಲು ತೆಗೆದ ಸದ್ದು ಕೇಳಿಸಿತು. ಬಾಮೈದ ಎರಡು ಮೆಟ್ಟಿಲು ಇಳಿದು, ದನಿ ತಗ್ಗಿಸಿ ಕೇಳಿದ:

"ಭಾವ, ಎದೆ ಹಿಡ್ಕೊಂಡಿದೆಯಾ?"

ಭಾವ ಉಸಿರು ಸರಿಹೋಗುವವರೆಗೆ ಕಾದು, ಅವನ ಮುಖವನ್ನೇ ನೋಡಿದರು.

"ಕೇಳ್ತಿರೋದು ನೀನೋ, ಕಂಪನಿಯೋ?"