ಮೀಟರಿಗಿಂತ ಮುಂಚೆ ಒಂದು ಕಾಳು

ಕೋರ್ಟು ಕಳಿಸಿದ್ದ ವಕೀಲರ ಎದುರಿಗೇ ಅಪ್ಪ ಮೂಟೆಯಿಂದ ಒಂದು ಅಕ್ಕಿ ಕಾಳು ತೆಗೆದು ಹಲ್ಲಿನಲ್ಲಿ ಕಡಿದರು. ಕಟ್ ಎಂದಿತು. "ಚೆನ್ನಾಗಿ ಒಣಗೈತೆ ಸ್ವಾಮಿ, ಇನ್ನೇನ್ ಸಾಕ್ಷಿ ಬೇಕು?" ಎಂದರು.

ಸರ್ಕಾರ ಕೊಟ್ಟ ಭತ್ತವನ್ನು ಗುಬ್ಬಿಯ ನಮ್ಮ ಮಿಲ್ಲಿನಲ್ಲಿ ಅಕ್ಕಿ ಮಾಡಿಸಿ ಕಳಿಸಿದ್ದೆವು. ತೇವ ಜಾಸ್ತಿಯಿದೆಯೆಂದು ಖರೀದಿ ಏಜೆನ್ಸಿ ಎರಡು ಲೋಡು ವಾಪಸ್ ಕಳಿಸಿತು. ನಾವು ತುಮಕೂರಿನಲ್ಲಿ ಕೇಸು ಹಾಕಿದೆವು. ವಕೀಲರ ಎದುರಲ್ಲೇ ಮರುಪರೀಕ್ಷೆಯಾಗಲಿ ಎಂದಿತು ಕೋರ್ಟು. ಈಗ ಅದಕ್ಕೆ ಬಂದವರು ಅಂದು ನಮ್ಮ ಅಕ್ಕಿ ಬೇಡವೆಂದಿದ್ದ ಏಜೆನ್ಸಿಯ ಇನ್‌ಸ್ಪೆಕ್ಟರೇ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅವರ ತೇವದ ಮೀಟರ್ ಮತ್ತೆ ಜಾಸ್ತಿಯೇ ತೋರಿಸಿತು. ಅಷ್ಟರಲ್ಲಿ ಅವರು ಮೀಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹಣೆ ಚಚ್ಚಿಕೊಂಡರು. ರಾಗಿ ಖರೀದಿ ಕೇಂದ್ರದಲ್ಲಿ ರಾಗಿ ಅಳೆಯಲೆಂದು ಹೊಂದಿಸಿದ್ದ ಮೀಟರನ್ನು ಅಕ್ಕಿಗೆ ಬದಲಾಯಿಸಿಯೇ ಇರಲಿಲ್ಲ! ಬದಲಾಯಿಸಿ ಅಳೆದರೆ ನಮ್ಮ ಅಕ್ಕಿ ಪಾಸು.

"ಬರ್ಕೊಳಿ ಸಾರ್, ತಪ್ಪು ನಂದೇ. ಅವತ್ತೂ ಹಿಂಗೇ ಅಳೆದಿದೀನಿ," ಎಂದು ಅವರೇ ವಕೀಲರಿಗೆ ಹೇಳಿದರು. ಅಪ್ಪ ಗೊಳ್ಳೆಂದು ನಕ್ಕು ಅವರ ಕೈಗೆ ಮಜ್ಜಿಗೆ ಲೋಟ ಕೊಟ್ಟರು. ನನ್ನ ಸಿಟ್ಟೂ ಅಲ್ಲೇ ಇಳಿಯಿತು.

ಕೇಸು ಮುಗಿದಿದೆ. ಆ ಇನ್‌ಸ್ಪೆಕ್ಟರ್ ಈಗಲೂ ಮಿಲ್ಲಿಗೆ ಬರುತ್ತಾರೆ. ಮೀಟರ್ ತೆಗೆಯುವ ಮೊದಲು ಒಂದು ಕಾಳು ಕಟ್ಟೆಂದು ಕಡಿದು, ಅಪ್ಪನ ಮುಖ ನೋಡುತ್ತಾರೆ.