ಮಾಸ್ಕಿನ ಹಿಂದೆ ಸೊಟ್ಟಬಾಯಿ

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅಂತಾರೆ. ಆಶಾ ಕಾರ್ಯಕರ್ತೆಯಾಗಿ ನಾನು ಬದುಕಿದ್ದೂ ಬಾಯಿಂದಲೇ. ಪೆದ್ದಕಡುಬೂರಿನ ಆಚೆಯ ನಮ್ಮ ಹಳ್ಳಿಯಲ್ಲಿ ಕರೋನಾ ಲಸಿಕೆ ಅಂದರೆ ಜನ ಹೊಲದ ದಾರಿ ಹಿಡಿಯುತ್ತಿದ್ದರು. ಎಲ್ಲರೆದುರು ಮೊದಲು ನಾನೇ ತೋಳು ಚಾಚಿದೆ. "ನೋಡ್ರಿ, ನನಗೇನಾಗೈತಿ?" ಅಂತ ಮನೆಮನೆ ತಿರುಗಿ ಒಬ್ಬೊಬ್ಬರನ್ನೇ ಮೊದಲ ಡೋಸಿಗೆ ಕರೆತಂದೆ.

ನನ್ನ ಎರಡನೆಯ ಡೋಸು ಆಗಿ ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದೆ. ಎಡಗಣ್ಣು ಮುಚ್ಚುತ್ತಿಲ್ಲ, ತುಟಿ ಬಲಕ್ಕೆ ಎಳೆದುಕೊಂಡಿದೆ. "ಮೂತಿ ವಂಕರ ಪೋಯಿಂದೇ!" ಮೂತಿ ಸೊಟ್ಟಗಾಯ್ತಲ್ಲೇ ಅಂತ ಅತ್ತೆ ಕೂಗಿದರು. ಹೆದರಿದಾಗ ಅವರಿಗೆ ತವರಿನ ತೆಲುಗೇ ಬರುವುದು.

ಆದೋನಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಲಕ್ವ ಅಲ್ಲ, ಮುಖದ ನರ ಸೋತಿದೆ, ಮಾತ್ರೆ ತಗೊಂಡರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ ಅಂದರು. ಲಸಿಕೆಯಿಂದ ಆಯಿತೇ ಅಂತ ಕೇಳಿದೆ. "ಆಗಿರಬಹುದು, ಅದು ತುಂಬ ಅಪರೂಪ. ಲಸಿಕೆ ಇಲ್ದೆನೂ ಆಗ್ತದಮ್ಮ. ಇದರಿಂದನೇ ಅಂತ ಹೇಳಾಕಾಗಲ್ಲ."

ಆ ಅರ್ಧ ಉತ್ತರವನ್ನು ಊರಿಗೆ ಹೇಗೆ ಒಯ್ಯಲಿ? ಅದೇ ವಾರ ಊರವರ ಎರಡನೆಯ ಡೋಸು. ನನ್ನ ಮುಖ ಕಂಡರೆ ಒಬ್ಬರೂ ಬರುವುದಿಲ್ಲ. ಮಾಸ್ಕ್ ಹೇಗೂ ಇತ್ತು, ಕಣ್ಣಿಗೊಂದು ಕೂಲಿಂಗ್ ಗ್ಲಾಸು ಏರಿಸಿದೆ. "ಹೀರೋಯಿನ್ನು ಹೊಂಟಾಳ" ಅಂದರು ಅತ್ತೆ. ನನಗೆ ನಗು ಬರಲಿಲ್ಲ, ಬಂದರೂ ಅರ್ಧವೇ.

ಕುರಿ ಸಾಕುವ ತಾತನ ಮನೆಗೆ ಹೋದೆ. ಆ ಓಣಿಯ ಕುರಿಗಾರರೆಲ್ಲ ಅವರ ಮಾತು ಕೇಳುವವರು. "ನಾಳೆ ಬರ್ರಿ ತಾತ, ಏನೂ ಆಗಲ್ಲ" ಅಂದೆ. ಆ ಮನೆಯಲ್ಲಿ ಚಾ ಕುಡಿಯದೆ ಎದ್ದರೆ ಜಗಳಕ್ಕೆ ಬಂದಂತೆ. ಗೋಡೆ ಕಡೆ ತಿರುಗಿ ಮಾಸ್ಕ್ ಎತ್ತಿ ಒಂದು ಗುಟುಕು ಕುಡಿದೆ. ಚಾ ಗದ್ದದಿಂದ ಸೀರೆಗೆ ಇಳಿಯಿತು.

"ಯವ್ವಾ, ಈ ಕಡಿ ತಿರುಗು" ಅಂದರು ತಾತ.

ತಿರುಗಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ನಾಚಿಕೆಗೆ ಅಳು ಬಂತು.

ತಾತನಿಗೆ ಸಿಟ್ಟು ಬಂದಿತ್ತು. "ಕುರಿಗೆ ವರ್ಷಾ ವರ್ಷಾ ಸೂಜಿ ಹಾಕಿಸ್ತೀವಿ. ಯಾವಾಗರ ಒಂದು ಕುಂಟ್ತೈತಿ. ಅದಕ್ಕಂತ ಸೂಜಿ ಬಿಡ್ತೀವೇನು? ಆದ್ರ ಕುಂಟೋ ಕುರಿನ ಮುಚ್ಚಿಟ್ರ, ಇಡೀ ಹಿಂಡನ್ನೇ ಮಂದಿ ನಂಬಲ್ಲ. ನಾಳೆ ಮುಖ ತೋರ್ಸು. ಆಮ್ಯಾಲೆ ನಾ ತೋಳು ತೋರ್ಸ್ತೀನಿ."

ಮರುದಿನ ಲಸಿಕೆ ಹಾಕುವ ಶಾಲೆಯ ಗೇಟಿನ ಹೊರಗೆ, ಜನರಿಂದ ದೂರ, ಮಾಸ್ಕ್ ತೆಗೆದು ಸೊಟ್ಟಬಾಯಿ ತೋರಿಸಿಕೊಂಡೇ ನಿಂತೆ. ಕೇಳಿದವರಿಗೆಲ್ಲ "ಲಸಿಕೆಯಿಂದ ಇರಬಹುದು, ಗೊತ್ತಿಲ್ಲ" ಅಂದೆ. ತಾತ ಕಂಬಳಿ ಸರಿಸಿಕೊಂಡು ಒಳಗೆ ನಡೆದರು, ಅವರ ಹಿಂದೆ ಕುರಿಗಾರರು. ಕೆಲವರು ನನ್ನ ಮುಖ ನೋಡಿ ಅಲ್ಲಿಂದಲೇ ಹಿಂದಿರುಗಿದರು. ಅವರಲ್ಲಿ ನಮ್ಮ ಅತ್ತೆಯೂ ಒಬ್ಬರು. ಊರಿಗೆಲ್ಲ ಬುದ್ಧಿ ಹೇಳುವ ನಾನು ಮನೆಯವರನ್ನೇ ಒಪ್ಪಿಸಲಾರದೆ ಹೋದೆನಲ್ಲ ಅಂತ ಸಂಕಟವಾಯಿತು.

ಎರಡು ತಿಂಗಳು ಅತ್ತೆ ನಾನು ಚಾ ಕುಡಿಯುವಾಗಲೆಲ್ಲ ಎದುರು ಕೂತು ಬಾಯನ್ನೇ ನೋಡುತ್ತಿದ್ದರು. ಒಂದು ಬೆಳಿಗ್ಗೆ ಒಂದು ಹನಿಯೂ ಚೆಲ್ಲಲಿಲ್ಲ. ಅವರು ನನ್ನ ಕೈಯಿಂದ ಖಾಲಿ ಲೋಟ ಇಸಕೊಂಡರು, ತೊಳೆದಿಟ್ಟರು, ಸೆರಗಿಗೆ ಕೈ ಒರೆಸಿಕೊಂಡರು.

"ನಡಿ, ಎಲ್ಲೈತಿ ನಿನ್ನ ಸೂಜಿ?"