ಗೆರೆಯ ಅಡಿಯ ಪೆನ್ಸಿಲ್

ನಾನು ಪೆನ್ಸಿಲ್ ಬಳಸುತ್ತಿದ್ದೆ. ಸ್ಕೇಲನ್ನೂ, ರಬ್ಬರನ್ನೂ. ಇದರಲ್ಲಿ ಒಪ್ಪಿಕೊಳ್ಳುವುದು ಏನಿದೆ ಎಂದು ನೀವು ನಗಬಹುದು — ಕಳ್ಳತನವಲ್ಲ, ಕೊಲೆಯಲ್ಲ. ಆದರೆ ಬಳಸುವುದಿಲ್ಲ ಎಂದು ನಾನು ಹೇಳಿದ ಸುಳ್ಳಿನಿಂದ ನನ್ನ ಗೆಳತಿ ಶಾರದಾ ತನ್ನ ಕೈಯನ್ನೇ ನಂಬುವುದು ಬಿಟ್ಟಳು. ಅದನ್ನು ಹೇಳಬೇಕು.

ಹೊನ್ನಾವರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಪೆನ್ನು, ಪುಸ್ತಕ, ಡ್ರಾಯಿಂಗ್ ಹಾಳೆಯೂ ಸಿಗುತ್ತದೆ. ಊಟದ ಹೊತ್ತಿಗೆ ಪೇಟೆಯೇ ಆಕಳಿಸುತ್ತದೆ. ಆಗ ಕೂತು ಚಿತ್ರ ಬರೆಯುವ ಚಟ ಹತ್ತಿತು. ಅಂಗೈ ಅಗಲದ ಚೌಕ ಕಾಗದ, ಒಂದು ಕಪ್ಪು ಪೆನ್ನು. ಯಾವುದೋ ಒಂದು ಸಣ್ಣ ಆಕಾರವನ್ನೇ ಮತ್ತೆ ಮತ್ತೆ ಬರೆಯುತ್ತ ಚೌಕ ತುಂಬಿಸುವುದು, ಅಷ್ಟೇ. ನಿಯಮ ಒಂದೇ — ಅಳಿಸುವಂತಿಲ್ಲ. ಗೆರೆ ಸೊಟ್ಟಗಾದರೆ ಆ ಸೊಟ್ಟಿನಿಂದಲೇ ಇನ್ನೊಂದು ಗೆರೆ ಹೊರಡಿಸಿ ಮುಂದೆ ಹೋಗಬೇಕು. ಹಾಗೆ ಬರೆಯುತ್ತಿದ್ದರೆ ಉಸಿರು ನಿಧಾನವಾಗುತ್ತದೆ, ತಲೆಯೊಳಗಿನ ಗಲಾಟೆ ಇಳಿಯುತ್ತದೆ. ಇದು ಸುಳ್ಳಲ್ಲ. ಮೊದಮೊದಲು ನನಗೂ ಹಾಗೇ ಆಗಿತ್ತು.

ಭಟ್ಕಳದಿಂದ ಕುಮಟೆಯವರೆಗಿನ ಪರಿಚಯದ ಹೆಂಗಸರನ್ನೆಲ್ಲ ಸೇರಿಸಿ ವಾಟ್ಸಾಪ್ ಗುಂಪು ಮಾಡಿದೆ. ಸೋಮವಾರ ನಾನೊಂದು ವಿನ್ಯಾಸ ಹೇಳುವುದು — ಬಲೆಯ ಕಣ್ಣು, ಹುರಿಹಗ್ಗ, ಮರಳಿನ ಮೇಲೆ ನೀರು ಬಿಟ್ಟುಹೋದ ಗೆರೆ — ಶನಿವಾರದೊಳಗೆ ಎಲ್ಲರೂ ಬರೆದು ಫೋಟೋ ಹಾಕುವುದು. ಒಂದು ವಾರ ನನ್ನ ಬಲೆ ಕೆಟ್ಟಿತು. ಗುಂಪು ಕಟ್ಟಿದವಳ ಚಿತ್ರವೇ ಹೀಗಿದ್ದರೆ… ಇನ್ನೊಂದು ಹಾಳೆ ತೆಗೆದೆ. ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಒಂದೊಂದೇ ಕಣ್ಣು ಗುರುತು ಮಾಡಿಕೊಂಡೆ, ಮೇಲೆ ಪೆನ್ನು ಆಡಿಸಿದೆ, ರಬ್ಬರಿನಿಂದ ತಿಕ್ಕಿ ಪುಡಿ ಊದಿದೆ. "ಮಾಷಾಅಲ್ಲಾಹ್, ಎಂತ ಕೈ ನಿಮ್ದು!" ಎಂದು ಭಟ್ಕಳದ ಫರೀದಾ ಬರೆದಳು. ಹೃದಯದ ಚಿತ್ರಗಳು ಸಾಲುಸಾಲಾಗಿ ಬಂದವು. ಹೊಗಳಿಕೆ ತಲೆಗೇರಿತು. ಅಲ್ಲಿಂದ ಪ್ರತಿ ವಾರ ಅದೇ ಕಸುಬು. ಚಿತ್ರದ ಕೆಳಗೆ ಒಂದು ಸಾಲು ಬೇರೆ — ಅಳಿಸಿಲ್ಲ, ಒಂದೇ ಸಲಕ್ಕೆ ಬರೆದದ್ದು. ಯಾರೂ ಕೇಳಿರಲಿಲ್ಲ, ನಾನೇ ಮೈಮೇಲೆ ಬಿದ್ದು ಹೇಳಿದ್ದು.

ಶಾರದಾಳನ್ನು ಗುಂಪಿಗೆ ಎಳೆತಂದವಳೂ ನಾನೇ. ಹೊಳೆಯಾಚೆಯ ಕಾಸರಕೋಡಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅವಳು ಹೊಲಿದದ್ದನ್ನು ತೊಟ್ಟರೆ ನನಗೂ ಒಂದು ಆಕಾರ ಬರುತ್ತಿತ್ತು. ಗಂಟು ಹಿಡಿಯುವ ಜ್ವರವೊಂದು ಬಂದು ಹೋದಮೇಲೆ ಅವಳ ಬೆರಳುಗಳು ಬಿಗಿದುಕೊಂಡವು. ಸೂಜಿಗೆ ದಾರ ಪೋಣಿಸಲೂ ಮಗಳನ್ನು ಕರೆಯಬೇಕು. ಬೆರಳಿಗೆ ಕೆಲಸ ಕೊಡುತ್ತಿರಿ, ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. "ಚಿತ್ರ ಬರಿ, ಸಮಾ ಆಗ್ತದೆ" ಎಂದು ಪೆನ್ನು ಕೊಟ್ಟೆ. ಬರೆದಳು. ಗೆರೆ ನಡುಗಿತ್ತು, ಹಗ್ಗದ ಎಳೆ ಒಂದು ದಪ್ಪ, ಒಂದು ಸಪೂರ. ಆದರೂ ಸಂಕೋಚಪಡದೆ ಗುಂಪಿಗೆ ಹಾಕಿದಳು, ನನ್ನ ಚಿತ್ರದ ಕೆಳಗೇ.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಕೌಂಟರಿನ ಮೇಲೆ ಮೊಣಕೈ ಊರಿ ನೇರವಾಗಿ ಕೇಳಿದಳು:

"ಖರೇ ಹೇಳು. ನಿಂದು ಇಷ್ಟು ನೆಟ್ಟಗೆ ಹ್ಯಾಂಗೆ ಬರ್ತದೆ? ಅಡಿಗೆ ಪೆನ್ಸಿಲ್ ಹಾಕ್ತ್ಯಾ ಎಂತ?"

ಎಷ್ಟು ಸಲೀಸಾಗಿ ಕೇಳಿದ್ದಳು! ಹೌದು ಮಾರಾಯ್ತಿ ಎಂದುಬಿಟ್ಟಿದ್ದರೆ ಇಬ್ಬರೂ ನಕ್ಕು, ಚಹಾ ಕುಡಿದು — ಆದರೆ ನಾನು ಹೇಳಿದ್ದು ಇದು:

"ಇಲ್ವೇ, ಪೆನ್ಸಿಲ್ ಎಂತಕ್ಕೆ? ಮನಸ್ಸು ನಿಂತ್ರೆ ಕೈ ತನ್ನಷ್ಟಕ್ಕೆ ನಿಲ್ತದೆ."

ಆ ಹೊತ್ತಿಗೂ ಕೌಂಟರಿನ ಕೆಳಗೆ ಪೆನ್ಸಿಲಿನಲ್ಲಿ ಅರ್ಧ ಎಳೆದಿಟ್ಟ ಹಾಳೆ ಇತ್ತು. ಶಾರದಾ ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡಳು. "ಆತು" ಎಂದು ಹೊರಟುಹೋದಳು.

ಮುಂದಿನ ವಾರ ಪುರಸೊತ್ತಾಗಲಿಲ್ಲ ಎಂದಳು. ಆಮೇಲೆ ಗುಂಪಿನಿಂದಲೇ ಹೊರಬಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ — ನನಗೆ ಹಾಯೆನಿಸಿತು. ಪೆನ್ಸಿಲಿನ ವಾಸನೆ ಹಿಡಿದಿದ್ದ ಒಬ್ಬಳೇ ಒಬ್ಬಳು ಹೋದಳಲ್ಲ ಎಂದು. ಆ ಸುಳ್ಳಿಗಿಂತ ಈ ಸಮಾಧಾನಕ್ಕೇ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಎರಡು ವರ್ಷ ಕಳೆಯಿತು. ಪೇಟೆಯಲ್ಲಿ ಸಿಕ್ಕರೆ ನಕ್ಕು ಮಾತಾಡುತ್ತಿದ್ದೆವು, ಅಷ್ಟೇ. ಈ ಸಲ ಚೌತಿಗೆ ಮೊದಲು, ಬೆರಳು ಸರಿಹೋಗಿರಬೇಕು ಎಂದುಕೊಂಡು, ಬ್ಲೌಸ್ ಬಟ್ಟೆ ಹಿಡಿದು ಅವಳ ಮನೆಗೆ ಹೋದೆ. ಹೊಲಿಗೆ ಮಿಷನ್ನಿನ ಮೇಲೆ ಮಡಚಿದ ಹೊದಿಕೆಗಳನ್ನು ಪೇರಿಸಿಟ್ಟಿತ್ತು.

"ಹೊಲಿಯೂದು ಬಿಟ್ಟೆ," ಎಂದಳು. "ನೋವು ಈಗ ಅಷ್ಟಿಲ್ಲ. ಹಾಳಾದ್ದು ಕೈ ಅಲ್ಲ, ನನ್ನ ಮನಸ್ಸೇ ನಿಲ್ಲೂದಿಲ್ಲ. ನೀನೇ ಹೇಳಿದ್ದೆ ಅಲ್ದಾ? ಕತ್ರಿ ಹಿಡಿದ್ರೆ ಅದೇ ನೆನಪಾಗ್ತದೆ."

ಡಾಕ್ಟರ ಮಾತು ಬಿಟ್ಟು ನನ್ನ ಮಾತನ್ನು ನಂಬಿ ಕೂತಿದ್ದಳು! ಮತ್ತೆ ನಾನು — ಆಗಲೂ ಬಾಯಿ ಬಿಡಲಿಲ್ಲ. ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ವಾಪಸು ಬಂದೆ.

ಗುಂಪಿನಲ್ಲಿ ಬರೆದುಬಿಡೋಣ ಎಂದು ಮೊದಲು ಹೊಳೆಯಿತು. ಫೋನನ್ನೂ ಹಿಡಿದೆ. ಆಗ ನನ್ನ ಬುದ್ಧಿ ನನಗೇ ಗೊತ್ತಾಯಿತು. ಅಲ್ಲಿ ಒಪ್ಪಿಕೊಂಡರೆ ಅದಕ್ಕೂ ಹೃದಯದ ಚಿತ್ರಗಳು ಬರುತ್ತವೆ. ಎಷ್ಟು ದೊಡ್ಡ ಮನಸ್ಸು ನಿಮ್ಮದು ಎನ್ನುತ್ತಾರೆ. ಅದೂ ಬೇಕಿತ್ತೇ ನನಗೆ? ಮೊದಲು ಕಾಸರಕೋಡಿಗೆ ಹೋಗಬೇಕಿತ್ತು. ಹೋದ ಭಾನುವಾರ ಹೋದೆ.

ಶಾರದಾ ಹಿತ್ತಿಲ ಕಟ್ಟೆಯಲ್ಲಿ ಸಿಗಡಿ ಸುಲಿಯುತ್ತಿದ್ದಳು. ಬೆರಳುಗಳು ಚುರುಕಾಗಿಯೇ ಆಡುತ್ತಿದ್ದವು, ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ. ಎದುರಿಗೆ ಕೂತೆ.

"ಶಾರದಾ, ನಾ ಸುಳ್ಳು ಹೇಳಿದ್ದೆ. ಎಲ್ಲಾ ಚಿತ್ರದ ಅಡಿಗೂ ಪೆನ್ಸಿಲ್ ಇತ್ತು."

ಅವಳು ತಲೆಯೆತ್ತಿದಳು. ಚೀಲದಿಂದ ಚೌಕ ಕಾಗದ ತೆಗೆದು ಅವಳ ಕಣ್ಣೆದುರೇ ಬರೀ ಪೆನ್ನಿನಲ್ಲಿ ಬಲೆ ಬರೆಯತೊಡಗಿದೆ. ಎರಡನೆಯ ಸಾಲಿಗೇ ಬಲೆ ಸೊಟ್ಟಗಾಯಿತು. ಗೆರೆಗಳು ಒಂದರ ಮೇಲೊಂದು ಹತ್ತಿದವು, ಕಣ್ಣುಗಳು ಹರಿದ ಹಾಗೆ ಕಂಡವು. ಬರೆದು ಮುಗಿಸಿ ಅವಳ ಮುಂದೆ ಇಟ್ಟೆ. ನನ್ನ ನಿಜವಾದ ಕೈ ಇದು, ಯಾವತ್ತೂ ಇದೇ.

ಶಾರದಾ ಕೈ ತೊಳೆದು ಬಂದು ಹಾಳೆ ಎತ್ತಿಕೊಂಡಳು.

"ಎರಡು ವರ್ಷ ನಾನು ನನ್ನ ಮನಸ್ಸಿಗೇ ಬಯ್ಕಂಡೆ," ಎಂದಳು. ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀ ಈಗ ಹೋಗು."

ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂತು. ನುಂಗಿಕೊಂಡೆ. ಅದನ್ನೂ ಅವಳಿಂದಲೇ ಕೇಳಿ ಪಡೆಯುವುದೆಂದರೆ… ಈ ಹಾಳೆಯನ್ನೇ ಗುಂಪಿಗೆ ಹಾಕುತ್ತೇನೆ, ನಡೆದದ್ದನ್ನೆಲ್ಲ ಬರೆಯುತ್ತೇನೆ ಎಂದಷ್ಟೇ ಹೇಳಿದೆ. ಅವಳು ಹಾಳೆಯನ್ನು ವಾಪಸು ಕೊಟ್ಟಳು. ಹಾಳೆ, ಪೆನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ.

ಬೇಲಿಯ ದಣಪೆ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದಳು:

"ಆ ಪೆನ್ನು ಇಲ್ಲೇ ಇಟ್ಟು ಹೋಗು."